ಬೆಟಗೇರಿಯ ಮಳೆಗಾಲ, ಕಸ್ತೂರಕ್ಕನ ಆರ್‌ಎನ್‌ಎ

ಹೋದ ಶ್ರಾವಣದಲ್ಲಿ ಬಸುರಿ ತಂಗಿಯ ಕುಬಸಕ್ಕೆ ಸೀರೆ ತರಲೆಂದು ಬೆಟಗೇರಿಗೆ ಹೋಗಿದ್ದೆ. ನೇಕಾರರ ಓಣಿಯ ತಿರುವಿನಲ್ಲಿ ಯಾರೋ ಗಂಜಿ ಹಚ್ಚಿದ ನೂಲನ್ನು ಪಡಸಾಲೆಯ ಹಗ್ಗಕ್ಕೆ ಹಾಕಿದ್ದರು. ಮೂರು ದಿನದಿಂದ ಜಿಟಿಜಿಟಿ ಮಳೆ. ಗಂಜಿ ಆರದೆ ಸಣ್ಣಗೆ ಹುಳಿ ವಾಸನೆ ಬರುತ್ತಿತ್ತು. ಆಟೋದವನಿಗೆ ನಿಲ್ಲಿಸಲು ಹೇಳಿ ಅಲ್ಲೇ ಇಳಿದೆ. ಅಂಗಡಿ ಇನ್ನೂ ದೂರವಿತ್ತು. ಕೊಡೆ ಬಿಚ್ಚಿ ಆ ಓಣಿಯಲ್ಲಿ ನಿಧಾನ ನಡೆಯುತ್ತಿದ್ದಂತೆ ಕೊರೊನಾದ ಎರಡನೇ ವರ್ಷದ ಮಳೆಗಾಲ ಪೂರ್ತಿಯಾಗಿ ನೆನಪಾಯಿತು. ನನ್ನ ಬದುಕಿನಲ್ಲಿ ನಾನು ವಿಜ್ಞಾನವನ್ನು ಕಣ್ಣಾರೆ ಕಂಡದ್ದು ಆ ಒಂದು ಮಳೆಗಾಲದಲ್ಲಿ. ಅದಕ್ಕೆ ಮೊದಲು ಅದನ್ನು ಪಾಠ ಮಾಡುತ್ತಿದ್ದೆ, ಅಷ್ಟೆ.

ಆಗ ನಾನು ಲಕ್ಷ್ಮೇಶ್ವರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಕಾಲೇಜು ಮುಚ್ಚಿತ್ತು, ಪಾಠವೆಲ್ಲ ಫೋನಿನಲ್ಲಿ. ಶಿರಹಟ್ಟಿಯ ನಮ್ಮ ಮನೆಯಲ್ಲಿ ಸಿಗ್ನಲ್ ಸಿಗಬೇಕೆಂದರೆ ಮಾಳಿಗೆ ಹತ್ತಬೇಕಿತ್ತು. ಮಳೆ ಶುರುವಾದ ಮೇಲೆ ಅದೂ ಆಗದಾಯಿತು. ಬೆಟಗೇರಿಯಲ್ಲಿದ್ದ ನಮ್ಮ ಸಣ್ಣವ್ವ, ಅಂದರೆ ಅವ್ವನ ತಂಗಿ, "ನಮ್ಮಲ್ಲಿ ಬಂದ್ ಇರು, ಇಲ್ಲಿ ನೆಟ್ ಚಲೋ ಬರತೈತಿ" ಎಂದಳು. ಬಟ್ಟೆಯ ಚೀಲ, ನಾಲ್ಕು ಪುಸ್ತಕ, ಒಂದು ಕಟ್ಟು ಗ್ರಾಫ್ ಹಾಳೆ ಹಿಡಿದುಕೊಂಡು ಬಂದೆ.

ಸಣ್ಣವ್ವನ ಪಡಸಾಲೆಗೂ ಪಕ್ಕದ ಮನೆಯ ಪಡಸಾಲೆಗೂ ನಡುವೆ ಇದ್ದದ್ದು ಎದೆಮಟ್ಟದ ಒಂದು ಗೋಡೆ. ಒಂದು ಮುಂಜಾನೆ ಫೋನನ್ನು ಡಬ್ಬಿಗೆ ಆನಿಸಿಟ್ಟು ಪಿಹೆಚ್ ಲೆಕ್ಕ ಹೇಳಿಕೊಡುತ್ತಿದ್ದೆ. ಪಾಠ ಮುಗಿಸಿ ತಲೆ ಎತ್ತಿದರೆ ಗೋಡೆಯಾಚೆ ಒಬ್ಬಾಕೆ ಚಹಾದ ಲೋಟ ಹಿಡಿದು ನಿಂತಿದ್ದಳು. ಮೂವತ್ತೈದರ ಆಸುಪಾಸು, ಕುಳ್ಳಗೆ, ತೆಳ್ಳಗೆ. ಕೂದಲನ್ನು ಒಂದು ಪೆನ್ಸಿಲ್ಲು ಸಿಕ್ಕಿಸಿ ಮೇಲೆ ಕಟ್ಟಿದ್ದಳು.

"ಚಲೋ ಹೇಳ್ತೀ," ಎಂದಳು. "ಆದರ ಕಡೀ ಲೆಕ್ಕ ತಪ್ಪೈತಿ."

ನನಗೆ ಸಿಟ್ಟು ಬಂತು. ಒಳಗೆ ಹೋಗಿ ಮತ್ತೆ ಮಾಡಿ ನೋಡಿದೆ. ತಪ್ಪಿತ್ತು. ಲಾಗ್ ತೆಗೆಯುವಾಗ ಚಿಹ್ನೆ ಬಿಟ್ಟಿದ್ದೆ. ಹೊರಗೆ ಬಂದು, "ಹೌದ್ರಿ, ನಾಳೆ ಸರಿ ಮಾಡಿ ಹೇಳಿಬಿಡ್ತೀನಿ," ಎಂದೆ.

"ಸರಿ ಮಾಡಿ ಹೇಳೂದಲ್ಲ. ನಿನ್ನಿ ಹೇಳಿದ್ದು ತಪ್ಪಂತ ಹೇಳಬೇಕು. ಇಲ್ಲಂದ್ರ ಅವರ ವಹಿಯೊಳಗ ಅದು ಹಂಗ ಉಳೀತೈತಿ."

ಮಾರನೆಯ ದಿನ ಹೇಳಿದೆ. ನಾಲಿಗೆ ಸ್ವಲ್ಪ ತೊದಲಿತು. ಪಾಠ ಮುಗಿದ ಮೇಲೆ ಒಬ್ಬ ಹುಡುಗಿಯ ಸಂದೇಶ ಬಂತು: "ಮಿಸ್, ನನಗೂ ಹಂಗ ಅನಿಸಿತ್ತು, ಕೇಳಾಕ ಅಂಜಿದ್ದೆ."

ಆಕೆ ಕಸ್ತೂರಕ್ಕ. ಮಗ್ಗದ ಈರಣ್ಣ ಕಾಕಾನ ಒಬ್ಬಳೇ ಮಗಳು. ಪುಣೆಯ ಪ್ರಯೋಗಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಿದ್ದಳು. ಅದು ಮುಚ್ಚಿದ್ದರಿಂದ ಊರಿಗೆ ಬಂದಿದ್ದಳು. ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ಈರಣ್ಣ ಕಾಕಾ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತರೆ ಊಟದ ಹೊತ್ತಿಗೇ ಏಳುವುದು. ಮಗಳು ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ, ರೊಟ್ಟಿ ಬಡಿಯುವ ಮಣೆಯ ಮೇಲೆ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ಚಕ್ಕಳಮಕ್ಕಳ ಹಾಕಿ ಕೂಡುತ್ತಿದ್ದಳು. ಇಬ್ಬರೂ ದಿನವಿಡೀ ಮಾತಾಡುತ್ತಿರಲಿಲ್ಲ. ಆದರೆ ಅಲ್ಲಿ ಮೌನವೆನಿಸುತ್ತಿರಲಿಲ್ಲ, ಲಾಳಿಯ ಸದ್ದಿತ್ತು.

ಆಕೆಯ ಕೆಲಸ ಆರ್‌ಎನ್‌ಎ ಮೇಲೆ. ನಾನು ಆರ್‌ಎನ್‌ಎ ಅಂದರೆ ಡಿಎನ್‌ಎಯ ಸುದ್ದಿ ಒಯ್ಯುವ ಜವಾನ ಎಂದಷ್ಟೇ ಓದಿದವಳು. ಕಸ್ತೂರಕ್ಕ ಅದನ್ನು ಬಿಡಿಸಿದಳು. ಅದು ಒಂಟಿ ಎಳೆ. ನೀರಿನಲ್ಲಿ ಬಿಟ್ಟರೆ ನೆಟ್ಟಗೆ ನಿಲ್ಲುವುದಿಲ್ಲ, ತನ್ನ ಮೇಲೆ ತಾನೇ ಮಡಿಚಿಕೊಳ್ಳುತ್ತದೆ. ಸ್ವಲ್ಪ ಮೆಗ್ನೀಸಿಯಂ ಸಿಕ್ಕರೆ ಇನ್ನೂ ಒತ್ತಾಗಿ ಮಡಿಚಿಕೊಳ್ಳುತ್ತದೆ. ಮಡಿಚಿಕೊಂಡ ಆಕಾರವೇ ಅದರ ಕೆಲಸವನ್ನು ಗೊತ್ತುಮಾಡುವುದು. ಆಕೆ ಹಿಡಿದಿದ್ದ ಆರ್‌ಎನ್‌ಎ ರೋಗ ತರುವ ಒಂದು ಬ್ಯಾಕ್ಟೀರಿಯಾದ್ದು. ಒಂದು ಆಕಾರದಲ್ಲಿದ್ದರೆ ಬ್ಯಾಕ್ಟೀರಿಯಾದ ಒಂದು ವಂಶವಾಹಿ ನಡೆಯುತ್ತದೆ, ಇನ್ನೊಂದು ಆಕಾರಕ್ಕೆ ಹೊರಳಿದರೆ ನಿಲ್ಲುತ್ತದೆ. ದೀಪದ ಬಟನ್ ಇದ್ದ ಹಾಗೆ. ಆ ಬಟನ್ನನ್ನು ಹೊರಗಿನಿಂದ ಒತ್ತುವ ಔಷಧಿ ಸಿಕ್ಕೀತೇ ಎಂದು ಬೇರೆ ಬೇರೆ ದೇಶಗಳಲ್ಲಿ ಹುಡುಕುತ್ತಿದ್ದರು. ಹಾಗೆ ಹುಡುಕುವವರು ನಂಬಿದ್ದು ಕಸ್ತೂರಕ್ಕ ತನ್ನ ಗುರುಗಳ ಜೊತೆ ಬರೆದ ಪ್ರಬಂಧವನ್ನು. ಈ ಆರ್‌ಎನ್‌ಎ ನೇರವಾಗಿ, ಒಂದೇ ಹಂತದಲ್ಲಿ ಮಡಿಚಿಕೊಳ್ಳುತ್ತದೆ ಎಂದು ಅದರಲ್ಲಿ ಬರೆದಿತ್ತು. ಆಕೆಗೆ ಹೆಸರು ತಂದುಕೊಟ್ಟದ್ದೇ ಆ ಪ್ರಬಂಧ. ಒಂದು ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಿ ಸಂದರ್ಶನವೂ ಆಗಿತ್ತು. ತೀರ್ಮಾನ ಬರುವುದು ಬಾಕಿ.

ಆ ಮಡಿಕೆಯನ್ನು ಈಗ ಇನ್ನೂ ಸೂಕ್ಷ್ಮವಾಗಿ ಅಳೆಯುವ ಅವಕಾಶ ಬಂದಿತ್ತು. ಜರ್ಮನಿಯಲ್ಲಿ ಬಹುದೊಡ್ಡ ಎಕ್ಸ್-ರೇ ಯಂತ್ರ. ಎಲೆಕ್ಟ್ರಾನುಗಳನ್ನು ಬೆಳಕಿನ ವೇಗದ ಸಮೀಪಕ್ಕೆ ಓಡಿಸಿ, ದುಂಡು ದಾರಿಯಲ್ಲಿ ತಿರುಗಿಸಿ, ಅವು ಚೆಲ್ಲುವ ಎಕ್ಸ್-ರೇಯನ್ನು ಕೂದಲೆಳೆಯಷ್ಟು ಸಪೂರವಾಗಿ ಮಾದರಿಯ ಮೇಲೆ ಬಿಡುತ್ತಾರೆ. ಆಕೆಯೇ ಹೋಗಬೇಕಿತ್ತು, ವಿಮಾನಗಳಿರಲಿಲ್ಲ. ಮಾದರಿಗಳು ಮಾತ್ರ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಮೊದಲೇ ಹೋಗಿದ್ದವು. ಮನೆಯಿಂದಲೇ ಇಂಟರ್‌ನೆಟ್ ಮೂಲಕ ಪ್ರಯೋಗ ನಡೆಸಬಹುದು ಎಂದು ಅಲ್ಲಿಯವರು ತಿಳಿಸಿದರು. ಒಂದೇ ದಿನ, ಎಂಟು ತಾಸು. ಅಲ್ಲಿ ಮುಂಜಾನೆ ಎಂಟಾದಾಗ ನಮಗೆ ಹನ್ನೊಂದೂವರೆ. ಆ ದಿನ ತಪ್ಪಿದರೆ ಮತ್ತೆ ಯಾವಾಗಲೋ.

"ಅಲ್ಲಿ ಕುಂತು ಫೋಟೊ ತೆಗೀತಾರೇನ್ರಿ ಅಕ್ಕಾ?" ಎಂದು ಕೇಳಿದೆ.

"ಫೋಟೊ ಅಲ್ಲ ಮಂಜುಳಾ. ಅದನ್ನ ನಾವು ನೋಡಂಗಿಲ್ಲ. ನೀರೊಳಗ ಕೋಟಿಗಟ್ಟಲೆ ಅಣು ಉಳ್ಳಾಡಕೋತ ಇರ್ತಾವ. ಅವಕ್ಕ ಬಡದು ಎಕ್ಸ್-ರೇ ಹೆಂಗ ಚದುರತೈತಿ ಅನ್ನೂದನ್ನ ಅಷ್ಟ ಅಳೀತೀವಿ. ದೊಡ್ಡದಿದ್ರ ಒತ್ತಟ್ಟಿಗೆ ಚದುರತೈತಿ, ಸಣ್ಣದಿದ್ರ ಅಗಲಾಗಿ. ಅದರ ಮ್ಯಾಲ ಆಕಾರ ಲೆಕ್ಕಾ ಹಾಕಬೇಕು. ಮೋಸ ಹೋಗಾಕ ಭಾಳ ಹಾದಿ ಅದಾವ."

ಮಗ್ಗದಿಂದ ಈರಣ್ಣ ಕಾಕಾ ಹೇಳಿದ, "ಹುರಿ ಜಾಸ್ತಿ ಆದ ನೂಲೂ ಹಂಗನ, ಸಡ್ಲ ಬಿಟ್ರ ತನ್ನ ಮ್ಯಾಲ ತಾನ ಸುತಗೋತೈತಿ."

"ಅಪ್ಪಾ, ನೂಲಿನ ಮಾತು ನೂಲಿಗೆ," ಎಂದಳು ಮಗಳು. "ಹೋಲತೈತಿ ಅಂತ ನಂಬಿದ್ರ ಕೆಟ್ಟಿ."

ಕಾಕಾ ನಕ್ಕು ಲಾಳಿ ಎಸೆದ.

ಎಲ್ಲಕ್ಕೂ ಮೊದಲು ಕರೆಂಟಿನ ಚಿಂತೆ. ಆಷಾಢದ ಗಾಳಿ ಬಿಟ್ಟರೆ ನಮ್ಮ ಕಡೆ ತಂತಿಗೂ ಕಂಬಕ್ಕೂ ನೆಚ್ಚಿಕೆಯಿಲ್ಲ. ನಮ್ಮ ಓಣಿಯ ಲೈನ್‌ಮನ್ ಮಾಬೂಸಾಬರನ್ನು ಕಾಣಲು ಇಬ್ಬರೂ ಹೋದೆವು. ಅವರು ಮಾಸ್ಕು ಗದ್ದಕ್ಕೆ ಇಳಿಸಿ, ಕಂಬದ ಬುಡದಲ್ಲಿ ಕುಳಿತು ಎಲೆಅಡಿಕೆ ಮಡಿಸುತ್ತಿದ್ದರು. ಕಸ್ತೂರಕ್ಕ ವಿಷಯ ಹೇಳಿದಳು.

"ಕೈಕಾಲು ಮುರದ್ರ ಎಕ್ಸ್-ರೇ ತೆಗೀತಾರಲ್ಲ, ಅದನ ಏನ್ರಿ ಅಕ್ಕಾರ?"

"ಅದನ ರೀ. ಆದರ ಇದಕ್ಕ ಎಲುಬಿಲ್ಲ, ಕಣ್ಣಿಗೆ ಕಾಣಂಗೂ ಇಲ್ಲ."

ಅವರು ಎಲೆ ಬಾಯಿಗಿಟ್ಟುಕೊಂಡರು. "ಆ ದಿನ ನಮ್ಮ ಕಡಿಂದ ಲೈನ್ ತೆಗಿಯೂ ಕೆಲಸ ಇಟಗೊಳ್ಳೂದಿಲ್ರಿ. ನಮ್ಮ ಕೈಯಾಗ ಇರೂದು ನಾವು ಮಾಡ್ತೀವಿ. ಗಾಳಿ ಕೈಯಾಗ ಇರೂದು ಗಾಳಿ ಮಾಡತೈತಿ."

ಆ ದಿನಕ್ಕಾಗಿ ಸಣ್ಣವ್ವನ ಮನೆಯ ಇನ್ವರ್ಟರನ್ನು ಗೋಡೆ ದಾಟಿಸಿ ಇಟ್ಟೆವು. ಕಸ್ತೂರಕ್ಕ ನನ್ನನ್ನು ಜೊತೆಗೆ ಕೂರಿಸಿಕೊಂಡಳು. ಆಕೆಯ ಬಳಿ ಒಂದು ನೀಲಿ ರಟ್ಟಿನ ವಹಿ. ಪ್ರತಿ ಅಳತೆಗೆ ಮೊದಲು ಏನು ಬರಬಹುದೆಂದು ಪೆನ್ನಿನಲ್ಲಿ ಬರೆಯುತ್ತಿದ್ದಳು. ಬಂದ ಮೇಲೆ ಕೆಳಗೆ ಬಂದದ್ದನ್ನು ಬರೆಯುತ್ತಿದ್ದಳು. ಪೆನ್ಸಿಲ್ ಉಪಯೋಗಿಸುವಂತಿಲ್ಲ. "ಮೊದಲ ಬರಿಲಿಲ್ಲಂದ್ರ, ಆಮ್ಯಾಲ ನನಗ ಮೊದಲ ಗೊತ್ತಿತ್ತು ಅಂತ ಮನಸು ಸುಳ್ಳು ಹೇಳತೈತಿ," ಎಂದಳು. ನಾನು ಹನ್ನೆರಡು ವರ್ಷ ವಿಜ್ಞಾನ ಓದಿದ್ದೆ. ಯಾರೂ ನನಗೆ ಇದನ್ನು ಹೇಳಿರಲಿಲ್ಲ.

ಹನ್ನೊಂದೂವರೆಗೆ ಸರಿಯಾಗಿ ತೆರೆಯ ಮೇಲೆ ಯೋಹಾನ್ ಎಂಬಾತನ ಮುಖ ಕಾಣಿಸಿತು. ಅಲ್ಲಿ ಯಂತ್ರದ ಬಳಿ ಇದ್ದದ್ದು ಅವನೊಬ್ಬನೇ. ಮಾದರಿಯನ್ನು ಯಾಂತ್ರಿಕ ಕೈಯೊಂದು ಎತ್ತಿಕೊಂಡು ಸಪೂರ ಗಾಜಿನ ಕೊಳವೆಗೆ ಹರಿಸುತ್ತಿತ್ತು, ಎಕ್ಸ್-ರೇ ಹಾಯುತ್ತಿತ್ತು, ಬೆಟಗೇರಿಯ ರೊಟ್ಟಿ ಮಣೆಯ ಮೇಲೆ ಒಂದು ಗೆರೆ ಮೂಡುತ್ತಿತ್ತು. ಎತ್ತರದಲ್ಲಿ ಶುರುವಾಗಿ ಬಲಕ್ಕೆ ಜಾರುವ ಸಾದಾ ಗೆರೆ. ಕಸ್ತೂರಕ್ಕ ಅದನ್ನು ನೋಡುವ ರೀತಿಯನ್ನು ನಾನು ನೋಡುತ್ತಿದ್ದೆ. ಮುಂದಕ್ಕೆ ಬಾಗುತ್ತಿರಲಿಲ್ಲ, ಉಗುರು ಕಚ್ಚುತ್ತಿರಲಿಲ್ಲ. ಒಲೆಯ ಮೇಲಿನ ಹಾಲು ಕಾಯುವವರ ಹಾಗೆ ಕಣ್ಣು ಮಾತ್ರ ಎಚ್ಚರ.

ಎರಡು ತಾಸು ಎಲ್ಲವೂ ವಹಿಯಲ್ಲಿ ಬರೆದಂತೆಯೇ ಬಂತು. ಆಮೇಲೆ ಮುಖ್ಯವಾದ ಅಳತೆ. ಆರ್‌ಎನ್‌ಎಗೆ ಮೆಗ್ನೀಸಿಯಂ ಬೆರೆಸಿ ಹತ್ತು ಸೆಕೆಂಡಾದ ಮೇಲೆ ಒಂದು ಸಲ, ಒಂದು ನಿಮಿಷವಾದ ಮೇಲೆ ಇನ್ನೊಂದು ಸಲ, ಹತ್ತು ನಿಮಿಷವಾದ ಮೇಲೆ ಮೂರನೇ ಸಲ ಅಳೆಯುವುದು. ವಹಿಯಲ್ಲಿ ಆಕೆ ಬರೆದಳು: ಮೂರೂ ಒಂದೇ ಬರುತ್ತವೆ. ಒಂದೇ ಹಂತದಲ್ಲಿ ಮಡಿಚಿಕೊಳ್ಳುವುದಾದರೆ ಹತ್ತು ಸೆಕೆಂಡಿಗೇ ಎಲ್ಲ ಮುಗಿದಿರಬೇಕು.

ಮೂರೂ ಒಂದೇ ಬರಲಿಲ್ಲ. ಮೊದಲ ಎರಡರಲ್ಲಿ ಅಣು ಇರಬೇಕಾದ್ದಕ್ಕಿಂತ ದೊಡ್ಡದಿತ್ತು. ಹತ್ತು ನಿಮಿಷಕ್ಕೆ ಕುಗ್ಗಿತ್ತು.

"ಅಂಟಿಕೊಂಡಾವ," ಎಂದಳು ಕಸ್ತೂರಕ್ಕ. "ಅಣು ಒಂದಕ್ಕೊಂದು ಅಂಟಿ ಮುದ್ದಿ ಆದ್ರ ಹಿಂಗ ದೊಡ್ಡದಾಗಿ ಕಾಣ್ತಾವ." ದನಿ ಎಂದಿನಂತೆಯೇ ಇತ್ತು. ಆದರೆ ಕೂದಲಿನ ಪೆನ್ಸಿಲ್ಲನ್ನು ತೆಗೆದು ಮತ್ತೆ ಸಿಕ್ಕಿಸಿಕೊಂಡಳು. ದ್ರಾವಣವನ್ನು ತೆಳುಮಾಡಿ, ಮೂರು ಬೇರೆ ಬೇರೆ ಪ್ರಮಾಣದಲ್ಲಿ ಅದೇ ಅಳತೆ ಮಾಡಲು ಯೋಹಾನನಿಗೆ ಹೇಳಿದಳು. ಅಂಟಿಕೊಂಡಿದ್ದರೆ ತೆಳು ಮಾಡಿದಂತೆ ಬಿಟ್ಟುಕೊಳ್ಳಬೇಕು.

ಆಗ ಗಾಳಿ ಎದ್ದಿತು. ಹಿತ್ತಲ ತಗಡು ಬಡಿದುಕೊಂಡಿತು, ಕರೆಂಟು ಹೋಯಿತು. ಇನ್ವರ್ಟರ್ ಹಿಡಿದುಕೊಂಡಿತು. ಅರ್ಧ ತಾಸಿಗೆ ಇಂಟರ್‌ನೆಟ್ಟೂ ಹೋಯಿತು. ಓಣಿಯ ತುದಿಯಲ್ಲಿ ಬೇವಿನ ಟೊಂಗೆ ಬಿದ್ದು ತಂತಿ, ಕೇಬಲ್ಲು ಎರಡನ್ನೂ ಹರಿದಿತ್ತು. ಇನ್ನೊಂದು ತಾಸಿಗೆ ಹಳೆಯ ಇನ್ವರ್ಟರ್ ಕುಂಯ್ ಎಂದು ನಿಂತಿತು, ಅದರ ಬೆನ್ನಿಗೇ ಲ್ಯಾಪ್‌ಟಾಪ್. ಉಳಿದದ್ದು ನಮ್ಮಿಬ್ಬರ ಫೋನು, ಅದರಲ್ಲಿ ಸಂದೇಶ ಹೋಗಿಬರುವಷ್ಟು ಸಿಗ್ನಲ್. ಮಾಬೂಸಾಬರು ಮಳೆಯಲ್ಲೇ ಕಂಬ ಹತ್ತುವುದು ಕಿಟಕಿಯಿಂದ ಕಾಣುತ್ತಿತ್ತು.

ಯೋಹಾನ್ ಅಲ್ಲಿ ಅಳತೆ ಮುಂದುವರಿಸಿದ. ಗೆರೆಯ ಎಡತುದಿಯ ಅಂಕಿಗಳನ್ನು ಸಂದೇಶದಲ್ಲಿ ಕಳಿಸತೊಡಗಿದ. ಫೋನಿನ ತುಂಬ ಬರೀ ಅಂಕಿ. ನಾನು ಗೋಡೆ ಹಾರಿ ನನ್ನ ಗ್ರಾಫ್ ಹಾಳೆ, ಲಾಗ್ ಟೇಬಲ್ ತಂದೆ.

"ಇದನ್ನ ಕೈಲೆ ಮಾಡಬಹುದೇನ್ರಿ ಅಕ್ಕಾ?"

ಆಕೆ ನನ್ನ ಕಡೆ ನೋಡಿದಳು. "ಮೊದಲಿನವರು ಕೈಲೇನ ಮಾಡ್ಯಾರ," ಎಂದಳು. "ನೀ ಗೆರಿ ಎಳಿ. ನಾ ಎಳದ್ರ ನನಗ ಬೇಕಾದಂಗ ಎಳಿತೀನಿ."

ಆ ಮಾತು ನನಗೆ ಈಗಲೂ ಕೇಳಿಸುತ್ತದೆ.

ಹೊಸ್ತಿಲ ಬೆಳಕಿಗೆ ಹಾಳೆ ಹರವಿಕೊಂಡೆ. ಕಸ್ತೂರಕ್ಕ ಹೇಳಿದ ನಿಯಮ ಸರಳವಾಗಿತ್ತು. ಪ್ರತಿ ಅಂಕಿಯ ಲಾಗ್ ತೆಗೆದು, ಎಕ್ಸ್-ರೇ ಚದುರಿದ ಕೋನದ ವರ್ಗದ ಎದುರು ಚುಕ್ಕೆ ಇಡಬೇಕು. ಅಣುಗಳು ಬಿಡಿಬಿಡಿಯಾಗಿದ್ದರೆ ಚುಕ್ಕೆಗಳು ನೇರ ಗೆರೆಯಲ್ಲಿ ಕೂಡುತ್ತವೆ, ಗೆರೆಯ ಇಳಿಜಾರು ಅಣುವಿನ ಗಾತ್ರ ಹೇಳುತ್ತದೆ. ಅಂಟಿಕೊಂಡಿದ್ದರೆ ಎಡತುದಿ ಮೇಲಕ್ಕೆ ಡೊಂಕಾಗುತ್ತದೆ. ಪಿಹೆಚ್ ಲೆಕ್ಕದ ಚಿಹ್ನೆ ನೆನಪಾಗಿ ಪ್ರತಿ ಲಾಗನ್ನೂ ಎರಡು ಸಲ ನೋಡಿದೆ. ಈರಣ್ಣ ಕಾಕಾ ಮಗ್ಗ ನಿಲ್ಲಿಸಿ ಬಂದು, ಹಾಳೆ ಗಾಳಿಗೆ ಏಳದಂತೆ ಒಂದು ಅಂಚನ್ನು ಬೆರಳಿನಿಂದ ಒತ್ತಿ ಹಿಡಿದು ಕುಳಿತ.

ಮೊದಲ ಪ್ರಮಾಣ: ಚುಕ್ಕೆಗಳು ನೇರ. ಎರಡನೆಯದು: ನೇರ. ಮೂರನೆಯದು: ನೇರ. ಮೂರು ಗೆರೆಗಳ ಇಳಿಜಾರೂ ಒಂದೇ. ಸ್ಕೇಲನ್ನು ಒಂದರಿಂದ ಒಂದಕ್ಕೆ ಸರಿಸಿ ಸರಿಸಿ ನೋಡಿದೆ.

"ಅಂಟಿಲ್ರಿ ಅಕ್ಕಾ," ಎಂದೆ. ಅಷ್ಟು ಹೊತ್ತಿಗೆ ಅದರ ಅರ್ಥ ನನಗೂ ಆಗಿತ್ತು. ಅಂಟಿಲ್ಲವೆಂದರೆ ಮೊದಲ ನಿಮಿಷದ ಆ ದೊಡ್ಡ ಆಕಾರ ನಿಜ. ಆರ್‌ಎನ್‌ಎ ಮೊದಲು ಬೇರೊಂದು ರೀತಿ, ತಪ್ಪಾಗಿ ಮಡಿಚಿಕೊಂಡು, ಆಮೇಲೆ ಬಿಚ್ಚಿ ಸರಿಯಾಗಿ ಮಡಿಚಿಕೊಳ್ಳುತ್ತಿದೆ. ಪ್ರಬಂಧ ತಪ್ಪು.

ಕಸ್ತೂರಕ್ಕ ಮೂರೂ ಗೆರೆಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದಳು. ಯೋಹಾನನ ಸಂದೇಶ ಬಂತು: ಇನ್ನು ಮುಕ್ಕಾಲು ತಾಸು ಇದೆ, ಒಂದು ಮಾದರಿಗೆ ಮಾತ್ರ ಸಮಯ, ಯಾವುದು?

ಪೆಟ್ಟಿಗೆಯಲ್ಲಿ ಎರಡು ಮಾದರಿ ಬಾಕಿ ಇದ್ದವು. ಒಂದು, ಮುಂದಿನ ಪ್ರಬಂಧಕ್ಕೆ ಬೇಕಾದದ್ದು. ಹಳೆಯ ಮಾತಿನ ಮೇಲೇ ಕಟ್ಟಿದ್ದು. ಇನ್ನೊಂದು, ಎಳೆಯ ಉದ್ದಕ್ಕೂ ಇರುವ ರಾಸಾಯನಿಕ ಅಕ್ಷರಗಳಲ್ಲಿ ಒಂದೇ ಒಂದನ್ನು ಬದಲಿಸಿದ ಆರ್‌ಎನ್‌ಎ. ಅದರಲ್ಲಿ ತಪ್ಪು ಮಡಿಕೆ ಬೀಳುವ ಸಾಧ್ಯತೆಯೇ ಇಲ್ಲ. ಅದು ಮೊದಲ ಹತ್ತು ಸೆಕೆಂಡಿಗೇ ಚಿಕ್ಕದಾಗಿ ಬಂದರೆ, ಪ್ರಬಂಧ ತಪ್ಪೆಂದು ಖಾತ್ರಿ. ಅದನ್ನು ಅಳೆಯದೆ ಬಿಟ್ಟರೆ, ಅನುಮಾನದ ಲಾಭ ಆಕೆಗಿತ್ತು. ಹುದ್ದೆಯ ತೀರ್ಮಾನ ಬರುವವರೆಗಾದರೂ.

"ಅಕ್ಕಾ, ಮುಂದಿನ ಸಲ ಮಾಡಿದ್ರ ನಡೆಯೂದಿಲ್ಲೇನ್ರಿ?" ಎಂದೆ. ಕೇಳಬಾರದಿತ್ತು.

"ಮುಂದಿನ ಸಲದ ತನಕ ಅಲ್ಲಿ ಮಂದಿ ನನ್ನ ಮಾತು ನಂಬಿ ಔಷಧಿ ಹುಡುಕ್ತಾರಲ್ಲ, ಅವರ ಗತಿ?" ಎಂದಳು. ವಹಿ ತೆಗೆದು ಪೆನ್ನಿನಲ್ಲಿ ಬರೆದಳು: ನಾನು ತಪ್ಪಿದ್ದರೆ ಇದು ಮೊದಲಿಗೇ ಚಿಕ್ಕದಾಗಿ ಬರುತ್ತದೆ. ಬರೆದು, ಯೋಹಾನನಿಗೆ ಎರಡನೇ ಮಾದರಿಯ ಹೆಸರು ಕಳಿಸಿದಳು.

ಅಂಕಿಗಳು ಬಂದಾಗ ಏಳು ಗಂಟೆಯಾಗುತ್ತ ಬಂದಿತ್ತು. ಮಳೆ ನಿಂತು ಪಡುವಣದಲ್ಲಿ ಸ್ವಲ್ಪ ಬೆಳಕು ಉಳಿದಿತ್ತು. ಚುಕ್ಕೆ ಇಟ್ಟೆ, ಗೆರೆ ಎಳೆದೆ. ಇಳಿಜಾರು ಕಡಿಮೆ. ಹತ್ತು ಸೆಕೆಂಡಿಗೇ ಚಿಕ್ಕದು. ಆಕೆ ನನ್ನ ಕೈಯಿಂದ ಸ್ಕೇಲು ಇಸಿದುಕೊಂಡು ತಾನೂ ಒಮ್ಮೆ ನೋಡಿದಳು. ಆಮೇಲೆ ವಹಿಯಲ್ಲಿ ಕೆಳಗೆ ಬರೆದಳು: ಚಿಕ್ಕದು.

ನಾನು ಅಳು ಬರಬಹುದು ಎಂದುಕೊಂಡಿದ್ದೆ. ಆಕೆಯ ಮುಖದಲ್ಲಿ ಇದ್ದದ್ದು ಬೇರೆ. "ಎಷ್ಟ ಛಂದ ಐತಿ ನೋಡ ಮಂಜುಳಾ," ಎಂದಳು. "ಒಂದ ಅಕ್ಷರ ಬದಲಾದ್ರ ಹಾದಿನ ಬದಲಾಗತೈತಿ." ನಿಜಕ್ಕೂ ಖುಷಿಪಟ್ಟಿದ್ದಳು. ಸೋತದ್ದು ಆಮೇಲೆ ಹೊಳೆದಿರಬೇಕು; ಊಟಕ್ಕೆ ಕುಳಿತಾಗ ಅರ್ಧ ರೊಟ್ಟಿಗೇ ಎದ್ದಳು. ಕರೆಂಟು ಬಂದ ಸುದ್ದಿ ಹೇಳಲು ಬಂದ ಮಾಬೂಸಾಬರು ಒದ್ದೆ ಬಟ್ಟೆಯಲ್ಲಿ ಹೊಸ್ತಿಲಾಚೆ ನಿಂತು, "ಆತೇನ್ರಿ ಅಕ್ಕಾರ ನಿಮ್ಮ ಕೆಲಸ?" ಎಂದು ಕೇಳಿದರು. "ಆತ್ರಿ. ನಿಮ್ಮಿಂದ ಆತು," ಎಂದು ಚಹಾ ಮಾಡಿಕೊಟ್ಟಳು.

ಮಾರನೆಯ ದಿನ ಗುರುಗಳಿಗೆ ಫೋನು ಮಾಡಿದಳು. ಅವರು ಅವಸರ ಬೇಡ, ಇನ್ನೊಮ್ಮೆ ಅಳೆದು ನೋಡೋಣ ಎಂದರಂತೆ. ಅದೂ ತಪ್ಪಲ್ಲ. ಆಕೆ ಇನ್ನೊಮ್ಮೆ ಅಳೆಯಲು ಅರ್ಜಿ ಹಾಕಿದಳು. ಆದರೆ ಸಂದರ್ಶನ ಮಾಡಿದ ಸಮಿತಿಗೆ ಅದೇ ವಾರ ಪತ್ರ ಬರೆದಳು. ನನ್ನ ಪ್ರಬಂಧದ ಮುಖ್ಯ ಮಾತು ತಪ್ಪಿರುವಂತೆ ಕಾಣುತ್ತಿದೆ, ನಿಮಗೆ ತಿಳಿದಿರಲಿ ಎಂದು. ಆ ಹುದ್ದೆ ಬೇರೆಯವರಿಗೆ ಹೋಯಿತು. ಪತ್ರದಿಂದಲೇ ಹೋಯಿತೋ ಇಲ್ಲವೋ, ಯಾರೂ ಹೇಳಲಿಲ್ಲ. ಗುರುಗಳು ಎರಡು ತಿಂಗಳು ಮಾತಾಡಲಿಲ್ಲ. ಶಿರಹಟ್ಟಿಯಲ್ಲಿ ನಮ್ಮ ಹೊಲದ ಹೆಸರುಕಾಯಿ ಬಿಡಿಸಿ ಒಣಹಾಕುವ ಹೊತ್ತಿಗೆ ಆಕೆಗೆ ಅವರ ಫೋನು ಬಂತು. ತಾವೂ ಹಳೆಯ ಅಂಕಿಗಳನ್ನು ಮತ್ತೆ ತೆಗೆದು ನೋಡಿದ್ದರು. ಆ ಹಳೆಯ ಪ್ರಯೋಗದಲ್ಲಿ ಮೆಗ್ನೀಸಿಯಂ ಬೆರೆಸಿದ ಮೇಲೆ ಅಳೆಯಲು ಶುರುಮಾಡಿದ್ದೇ ತಡವಾಗಿತ್ತು. ಅಷ್ಟರಲ್ಲಿ ತಪ್ಪು ಮಡಿಕೆ ಬಿಚ್ಚಿಕೊಂಡು ಸರಿಯಾಗಿರುತ್ತಿತ್ತು. "ಹೊಸದನ್ನು ಬರೆ, ನನ್ನ ಹೆಸರೂ ಇರಲಿ," ಎಂದರಂತೆ. ಅದನ್ನು ನನಗೆ ಹೇಳುವಾಗ ಮಾತ್ರ ಕಸ್ತೂರಕ್ಕನ ಕಣ್ಣು ತುಂಬಿತು.

ಎರಡನೇ ಸಲದ ಅಳತೆಯೂ ಹಾಗೆಯೇ ಬಂತು. ಆಕೆಗೆ ಹುದ್ದೆ ಸಿಗಲು ಇನ್ನೂ ಎರಡು ವರ್ಷ ಬೇಕಾಯಿತು. ಈಗ ಹೈದರಾಬಾದಿನಲ್ಲಿ ಆಕೆಯದೇ ಸಣ್ಣ ಪ್ರಯೋಗಾಲಯವಿದೆ. ನಾನು ಲಕ್ಷ್ಮೇಶ್ವರದಲ್ಲೇ ಇದ್ದೇನೆ. ನನ್ನ ವಿದ್ಯಾರ್ಥಿಗಳು ಪ್ರಯೋಗಕ್ಕೆ ಮೊದಲು ಏನು ಬರಬಹುದೆಂದು ಪೆನ್ನಿನಲ್ಲಿ ಬರೆಯುತ್ತಾರೆ, ಗೊಣಗುತ್ತಲೇ. ಹೊಸ ಪ್ರಬಂಧದ ಲೇಖಕರ ಸಾಲಿನಲ್ಲಿ ನಾಲ್ಕನೆಯ ಹೆಸರು ನನ್ನದು. ಬೇಡವೆಂದು ಎಷ್ಟೋ ಹೇಳಿದೆ. "ಗೆರಿ ಎಳದವರು ಯಾರು?" ಎಂದಷ್ಟೇ ಕೇಳಿ ಫೋನಿಟ್ಟಳು.

ಆ ಪ್ರಬಂಧ ಅಚ್ಚಾದಾಗ ಆಕೆ ಬೆಟಗೇರಿಗೆ ಬಂದಿದ್ದಳು, ನನ್ನನ್ನೂ ಕರೆಸಿದ್ದಳು. ಈರಣ್ಣ ಕಾಕಾ ಮಗ್ಗದ ಕುಣಿಯಿಂದ ಎದ್ದು ಬಂದು, ಕೈ ತೊಳೆದು, ಹಾಳೆಗಳನ್ನು ಹಿಡಿದು ತಿರುವಿದ. ಇಂಗ್ಲಿಷ್ ಬಾರದು.

"ನಿನ್ನ ಮೊದಲಿನ ಮಾತು ತಪ್ಪಿತ್ತು ಅಂತ ಬರದದ್ದು ಎಲ್ಲೈತಿ?" ಎಂದು ಮಗಳನ್ನು ಕೇಳಿದ.

ಕಸ್ತೂರಕ್ಕ ಎರಡನೇ ಪುಟದ ನಡುವಿನ ಒಂದು ಸಾಲಿನ ಕೆಳಗೆ ಬೆರಳಿಟ್ಟಳು.

"ಕನ್ನಡದಾಗ ಹೇಳು."

"ಈ ಹಿಂದ ನಾವು ಹೇಳಿದ್ದು ಸರಿ ಇರಲಿಲ್ಲ, ಅಂತ ಐತಿ ಅಪ್ಪಾ."

ಕಾಕಾ ಆ ಸಾಲನ್ನೇ ನೋಡುತ್ತಿದ್ದ. ಓದಲು ಬರುವವನ ಹಾಗೆ ಎಡದಿಂದ ಬಲಕ್ಕೆ ನಿಧಾನವಾಗಿ ಕಣ್ಣಾಡಿಸಿದ.

"ಇನ್ನೊಮ್ಮೆ ಹೇಳವಾ," ಎಂದ.